ಕಚೇರಿಯ ಕಂಪ್ಯೂಟರ್‌ಗಳಲ್ಲಿ ಬಳಕೆದಾರರ ಪ್ರೊಫೈಲ್ ಬ್ಯಾಕಪ್: ಕೊಡಗಿನ ಕಚೇರಿಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಐದರಿಂದ ಮೂವತ್ತು ನಲವತ್ತು ಕಂಪ್ಯೂಟರ್‌ಗಳವರೆಗೆ ಇರುವ ಕಚೇರಿಗಳನ್ನು ಗಮನದಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆಯಲಾಗಿದೆ. ಕೃಷಿ ಪತ್ತಿನ ಸಹಕಾರ ಸಂಘ, ಕಾಫಿ ತೋಟದ ಕಚೇರಿ, ಕ್ಯೂರಿಂಗ್ ವರ್ಕ್ಸ್, ಶಾಲೆ, ಹೋಂಸ್ಟೇ ಹೀಗೆ ಜಿಲ್ಲೆಯ ಹೆಚ್ಚಿನ ಕೆಲಸದ ಸ್ಥಳಗಳು ಈ ಅಳತೆಯೊಳಗೇ ಬರುತ್ತವೆ. ಇಂತಹ ಕಡೆ ಕಂಪ್ಯೂಟರ್ ವಿಭಾಗವೆಂದು ಪ್ರತ್ಯೇಕವಾಗಿ ಇರುವುದಿಲ್ಲ. ಸಿಬ್ಬಂದಿಯಲ್ಲೇ ಸ್ವಲ್ಪ ತಿಳಿದವರೊಬ್ಬರು ತಮ್ಮ ಕೆಲಸದ ಜೊತೆಗೆ ಇದನ್ನೂ ನೋಡಿಕೊಳ್ಳುತ್ತಾರೆ. ಅಂಥವರಿಗಾಗಿ ಇದು. ಪ್ರೊಫೈಲ್ ಎಂದರೆ ಒಬ್ಬ ಬಳಕೆದಾರರ ಕಡತಗಳೂ ಅವರು ತಮಗಾಗಿ ಹೊಂದಿಸಿಕೊಂಡ ಸೆಟ್ಟಿಂಗ್‌ಗಳೂ ಸೇರಿದ್ದು. ಬೇರೆಯಾಗಿ ಹೇಳದಿದ್ದರೆ ಮಾತು ವಿಂಡೋಸ್ 10 ಮತ್ತು 11ರ ಬಗ್ಗೆ.

ನಮ್ಮಲ್ಲಿ ದಾಖಲೆಗಳ ಬ್ಯಾಕಪ್ ಈಗಾಗಲೇ ಇದೆ. ಪ್ರೊಫೈಲನ್ನು ಬೇರೆಯಾಗಿ ಏಕೆ ತೆಗೆದಿಡಬೇಕು?

ದಾಖಲೆ ಉಳಿದರೂ ಕೆಲಸ ನಿಲ್ಲುವುದನ್ನು ನೋಡಿದವರಿಗೆ ಈ ಪ್ರಶ್ನೆ ಏಳುವುದಿಲ್ಲ. ಹಾರ್ಡ್ ಡಿಸ್ಕ್ ಕೆಟ್ಟು ಹೊಸದನ್ನು ಹಾಕಿದ ದಿನ, ಸಾಲ ವಿಭಾಗದ ಗುಮಾಸ್ತರ ಎಕ್ಸೆಲ್ ಕಡತಗಳೆಲ್ಲ ವಾಪಸು ಬಂದಿರುತ್ತವೆ. ಆದರೆ ಕನ್ನಡ ಕೀಲಿಮಣೆಯ ವಿನ್ಯಾಸ ಬದಲಾಗಿರುತ್ತದೆ, ನೋಟಿಸಿನ ಟೆಂಪ್ಲೇಟ್ ಇರುವುದಿಲ್ಲ, ಪ್ರಿಂಟರ್ ಸೇರಿಸಿರುವುದಿಲ್ಲ, ಸರ್ವರಿನ ಹಂಚಿಕೆಯ ಡ್ರೈವ್ ಕಾಣುವುದಿಲ್ಲ, ಬ್ರೌಸರಿನಲ್ಲಿ ಗುರುತಿಟ್ಟುಕೊಂಡಿದ್ದ ಸರ್ಕಾರಿ ಜಾಲತಾಣಗಳ ಪಟ್ಟಿಯೂ ಇರುವುದಿಲ್ಲ. ಇವುಗಳಲ್ಲಿ ಯಾವುದೂ ದೊಡ್ಡದಲ್ಲವಾದರೂ ಎಲ್ಲವೂ ಸೇರಿ ಒಬ್ಬರ ಎರಡು ಮೂರು ದಿನಗಳನ್ನು ತಿನ್ನುತ್ತವೆ, ಮತ್ತು ಆ ದಿನಗಳು ಮಾರ್ಚ್ ಕೊನೆಯ ವಾರದಲ್ಲಿ ಬಂದರೆ ಇಡೀ ಸಂಘದ ಲೆಕ್ಕ ತಡವಾಗುತ್ತದೆ. ಸಿಬ್ಬಂದಿ ವರ್ಷಗಟ್ಟಲೆ ತಮ್ಮ ಕೈಗೆ ಹೊಂದಿಸಿಕೊಂಡ ಈ ವ್ಯವಸ್ಥೆಯೂ ಕಚೇರಿಯ ಆಸ್ತಿಯೇ ಎಂದು ನಾನು ದೃಢವಾಗಿ ನಂಬುತ್ತೇನೆ.

ಪ್ರೊಫೈಲ್ ಕಂಪ್ಯೂಟರಿನಲ್ಲಿ ಎಲ್ಲಿರುತ್ತದೆ?

ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನಲ್ಲಿ ಪ್ರತಿ ಬಳಕೆದಾರರಿಗೂ ಒಂದೊಂದು ಫೋಲ್ಡರ್ ಇರುತ್ತದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎಲ್ಲರ ಕಣ್ಣಿಗೂ ಬೀಳುತ್ತವೆ. ಕಣ್ಣಿಗೆ ಬೀಳದ ಎರಡು ಭಾಗಗಳೇ ಇಲ್ಲಿ ಮುಖ್ಯ. ಮೊದಲನೆಯದು ಆ್ಯಪ್‌ಡೇಟಾ ಎಂಬ ಮರೆಯಾದ ಫೋಲ್ಡರ್. ಅದರೊಳಗೆ ರೋಮಿಂಗ್, ಲೋಕಲ್, ಲೋಕಲ್‌ಲೋ ಎಂಬ ಮೂರು ವಿಭಾಗಗಳಿವೆ. ಎರಡನೆಯದು ಎನ್‌ಟಿಯೂಸರ್ ಡಾಟ್ ಡ್ಯಾಟ್ ಎಂಬ ಒಂದೇ ಕಡತ. ವಿಂಡೋಸ್ ಸೆಟ್ಟಿಂಗ್‌ಗಳನ್ನು ಬರೆದಿಡುವ ದಾಖಲೆಗೆ ರಿಜಿಸ್ಟ್ರಿ ಎನ್ನುತ್ತಾರೆ. ಆ ಬಳಕೆದಾರರಿಗೆ ಸಂಬಂಧಿಸಿದ ರಿಜಿಸ್ಟ್ರಿಯ ಬಹುಪಾಲು, ಅಂದರೆ ಕೀಲಿಮಣೆ, ಜೋಡಿಸಿದ ನೆಟ್‌ವರ್ಕ್ ಡ್ರೈವ್, ಪ್ರಿಂಟರ್ ಸಂಪರ್ಕ, ಹಲವು ಸಾಫ್ಟ್‌ವೇರ್‌ಗಳ ಆಯ್ಕೆಗಳು, ಈ ಕಡತದಲ್ಲಿರುತ್ತವೆ. ಉಳಿದ ಸ್ವಲ್ಪ ಭಾಗ ಲೋಕಲ್ ವಿಭಾಗದೊಳಗಿನ ಯುಎಸ್‌ಆರ್‌ಕ್ಲಾಸ್ ಡಾಟ್ ಡ್ಯಾಟ್ ಕಡತದಲ್ಲಿರುತ್ತದೆ.

ಹಾಗಾದರೆ ಯೂಸರ್ಸ್ ಫೋಲ್ಡರನ್ನೇ ಪೆನ್‌ಡ್ರೈವಿಗೆ ಕಾಪಿ ಮಾಡಿಕೊಂಡರೆ ಸಾಲದೇ?

ಸಾಲದು. ಇದಕ್ಕೆ ಕಾರಣಗಳು ಹಲವು, ಮತ್ತು ಅವುಗಳನ್ನು ಅರ್ಥ ಮಾಡಿಕೊಂಡರೆ ಮುಂದಿನ ಅರ್ಧ ಕೆಲಸ ಸುಲಭವಾಗುತ್ತದೆ.

ಬಳಕೆದಾರರು ಲಾಗಿನ್ ಆಗಿರುವವರೆಗೂ ಎನ್‌ಟಿಯೂಸರ್ ಕಡತವನ್ನು ವಿಂಡೋಸ್ ತನ್ನ ಹಿಡಿತದಲ್ಲಿ ಇಟ್ಟುಕೊಂಡಿರುತ್ತದೆ. ಆ ವೇಳೆ ಸಾಮಾನ್ಯ ಕಾಪಿ ಆ ಕಡತವನ್ನು ಬಿಟ್ಟು ಮುಂದೆ ಹೋಗುತ್ತದೆ, ಕೊನೆಯಲ್ಲಿ ಬರುವ ದೋಷದ ಪಟ್ಟಿಯನ್ನು ಯಾರೂ ಓದುವುದಿಲ್ಲ. ಬಳಕೆದಾರರನ್ನು ಬದಲಿಸುವ ಸೌಲಭ್ಯ ಬಳಸಿ ಬೇರೊಬ್ಬರು ಒಳಬಂದಿದ್ದರೂ ಹಿಂದಿನವರ ಕಡತ ಹಿಡಿತದಲ್ಲಿಯೇ ಇರುತ್ತದೆ. ಆದ್ದರಿಂದ ಕಂಪ್ಯೂಟರನ್ನು ಮರುಪ್ರಾರಂಭಿಸಿ, ನಿರ್ವಾಹಕರ ಪ್ರತ್ಯೇಕ ಖಾತೆಯಿಂದ ಒಳಬಂದು ಕಾಪಿ ಮಾಡಬೇಕು. ಇಲ್ಲವೇ ಬಳಕೆಯಲ್ಲಿರುವ ಕಡತವನ್ನೂ ಓದಬಲ್ಲ ವಾಲ್ಯೂಮ್ ಶ್ಯಾಡೋ ಕಾಪಿ ಸೌಲಭ್ಯವಿರುವ ಬ್ಯಾಕಪ್ ಸಾಫ್ಟ್‌ವೇರ್ ಬಳಸಬೇಕು. ಎನ್‌ಟಿಯೂಸರ್ ಕಡತದ ಪಕ್ಕದಲ್ಲಿರುವ ಲಾಗ್ ಕಡತಗಳನ್ನೂ ಜೊತೆಗೇ ತೆಗೆದುಕೊಳ್ಳಬೇಕು.

ಇನ್ನೊಂದು ತೊಡಕು, ಹಳೆಯ ಸಾಫ್ಟ್‌ವೇರ್‌ಗಳಿಗಾಗಿ ವಿಂಡೋಸ್ ಪ್ರೊಫೈಲಿನೊಳಗೆ ಇಟ್ಟಿರುವ ಅಪ್ಲಿಕೇಶನ್ ಡೇಟಾ ಮುಂತಾದ ಹೆಸರಿನ ಜಂಕ್ಷನ್‌ಗಳು. ಅವು ನಿಜವಾದ ಫೋಲ್ಡರ್‌ಗಳಲ್ಲ, ಬೇರೆ ಕಡೆಗೆ ಕೈತೋರಿಸುವ ಗುರುತುಗಳು ಮಾತ್ರ. ಎಚ್ಚರವಿಲ್ಲದೆ ಕಾಪಿ ಮಾಡಿದರೆ ಅದೇ ಫೋಲ್ಡರ್ ತನ್ನೊಳಗೆ ತಾನೇ ಮತ್ತೆ ಮತ್ತೆ ಸೇರಿಕೊಳ್ಳುತ್ತ ಡಿಸ್ಕ್ ತುಂಬುತ್ತದೆ. ವಿಂಡೋಸಿನಲ್ಲೇ ಇರುವ ರೋಬೋಕಾಪಿ ಆಜ್ಞೆಗೆ ಎಕ್ಸ್‌ಜೆ ಎಂಬ ಆಯ್ಕೆ ಸೇರಿಸಿದರೆ ಜಂಕ್ಷನ್‌ಗಳನ್ನು ಅದು ಬಿಟ್ಟುಬಿಡುತ್ತದೆ.

ಕೊನೆಯದಾಗಿ, ಕಾಪಿ ಮಾಡಿದ ಎನ್‌ಟಿಯೂಸರ್ ಕಡತವನ್ನು ಹೊಸ ಖಾತೆಯ ಫೋಲ್ಡರಿಗೆ ತಂದಿಟ್ಟರೆ ಅದು ಕೆಲಸ ಮಾಡುತ್ತದೆ ಎಂದು ನಂಬಬೇಡಿ. ಹೆಸರು ಒಂದೇ ಆಗಿದ್ದರೂ ವಿಂಡೋಸ್ ಹೊಸ ಖಾತೆಗೆ ಒಳಗೊಳಗೇ ಕೊಡುವ ಭದ್ರತಾ ಗುರುತು ಬೇರೆ. ಹಳೆಯ ಕಡತದೊಳಗಿನ ಅನುಮತಿಗಳು ಹಳೆಯ ಗುರುತಿಗೇ ಸೇರಿರುತ್ತವೆ. ಅಗತ್ಯವಾದ ರಿಜಿಸ್ಟ್ರಿ ಭಾಗಗಳನ್ನು ಮಾತ್ರ ಪ್ರತ್ಯೇಕವಾಗಿ ರಫ್ತು ಮಾಡಿಟ್ಟು, ಹೊಸ ಖಾತೆಯಿಂದ ಲಾಗಿನ್ ಆಗಿ ಸೇರಿಸಿಕೊಳ್ಳುವುದು ಸುರಕ್ಷಿತ ದಾರಿ.

ಕಂಪ್ಯೂಟರ್ ಬದಲಾಯಿಸಿದ ಮೇಲೆ ಹಳೆಯ ಕನ್ನಡ ಕಡತಗಳು ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಕಡತ ಹಾಳಾಗಿದೆಯೇ?

ಕಡತ ಹಾಳಾಗಿಲ್ಲ, ಫಾಂಟ್ ಇಲ್ಲ. ಮಹಾಸಭೆಯ ನಡಾವಳಿ, ಹಳೆಯ ಠರಾವು, ನೋಟಿಸುಗಳು ಬಹಳ ಕಚೇರಿಗಳಲ್ಲಿ ಇಂದಿಗೂ ಯೂನಿಕೋಡ್ ಅಲ್ಲದ ನುಡಿ ಅಥವಾ ಬರಹ ಫಾಂಟಿನಲ್ಲಿವೆ. ಅಂತಹ ಕಡತದಲ್ಲಿ ದಾಖಲಾಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಅವಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್.

ಇಲ್ಲಿ ಬಹಳ ಮಂದಿಗೆ ತಿಳಿಯದ ಸಂಗತಿಯೊಂದಿದೆ. 2018ರ ವಿಂಡೋಸ್ 10ರ 1809 ಆವೃತ್ತಿಯಿಂದ ಈಚೆಗೆ, ಫಾಂಟ್ ಕಡತವನ್ನು ತೆರೆದು ಇನ್‌ಸ್ಟಾಲ್ ಒತ್ತಿದರೆ ಅದು ವಿಂಡೋಸಿನ ಸಾಮಾನ್ಯ ಫಾಂಟ್ಸ್ ಫೋಲ್ಡರಿಗೆ ಹೋಗದೆ, ಆ ಬಳಕೆದಾರರ ಪ್ರೊಫೈಲಿನ ಲೋಕಲ್ ವಿಭಾಗದೊಳಗೆ, ಮೈಕ್ರೋಸಾಫ್ಟ್ ಫೋಲ್ಡರಿನ ವಿಂಡೋಸ್ ಉಪಫೋಲ್ಡರಿನಲ್ಲಿರುವ ಫಾಂಟ್ಸ್‌ಗೆ ಹೋಗುತ್ತದೆ. ಹಾಗಾಗಿ ಲೋಕಲ್ ವಿಭಾಗವೆಂದರೆ ತಾತ್ಕಾಲಿಕ ಕಡತಗಳ ರಾಶಿ ಎಂದು ಭಾವಿಸಿ ಅದನ್ನು ಪೂರ್ತಿ ಬಿಟ್ಟುಬಿಡುವ ಬ್ಯಾಕಪ್‌ಗಳಲ್ಲಿ ಕನ್ನಡ ಫಾಂಟ್‌ಗಳೇ ಇರುವುದಿಲ್ಲ. ಅದೇ ಕಂಪ್ಯೂಟರಿನಲ್ಲಿ ಮತ್ತೊಬ್ಬ ಸಿಬ್ಬಂದಿ ಲಾಗಿನ್ ಆದಾಗ ನಡಾವಳಿ ಓದಲಾಗದಿರುವುದಕ್ಕೂ ಇದೇ ಕಾರಣ. ಹೊಸದಾಗಿ ಹಾಕುವಾಗ ಎಲ್ಲ ಬಳಕೆದಾರರಿಗೂ ಇನ್‌ಸ್ಟಾಲ್ ಮಾಡುವ ಆಯ್ಕೆಯನ್ನೇ ಬಳಸಿ, ಮತ್ತು ಕಚೇರಿಯಲ್ಲಿ ಬಳಕೆಯಲ್ಲಿರುವ ಎಲ್ಲ ಕನ್ನಡ ಫಾಂಟ್‌ಗಳನ್ನೂ, ಅವುಗಳ ಕೀಲಿಮಣೆ ಸಾಫ್ಟ್‌ವೇರಿನ ಸೆಟಪ್ ಕಡತವನ್ನೂ, ಒಂದೇ ಫೋಲ್ಡರಿನಲ್ಲಿ ಸರ್ವರಿನಲ್ಲಿಡಿ. ಇಡೀ ಬ್ಯಾಕಪ್ ಯೋಜನೆಯಲ್ಲಿ ಇದಕ್ಕಿಂತ ಕಡಿಮೆ ಶ್ರಮದ, ಇದಕ್ಕಿಂತ ಹೆಚ್ಚು ಫಲದ ಕೆಲಸ ಬೇರೊಂದಿಲ್ಲ.

ವರ್ಡ್ ಬಳಸುವವರ ಸ್ವಂತ ಶಬ್ದಪಟ್ಟಿ ರೋಮಿಂಗ್ ವಿಭಾಗದ ಯೂಪ್ರೂಫ್ ಫೋಲ್ಡರಿನಲ್ಲೂ, ಪತ್ರಗಳ ಮೂಲ ಟೆಂಪ್ಲೇಟ್ ಟೆಂಪ್ಲೇಟ್ಸ್ ಫೋಲ್ಡರಿನಲ್ಲೂ, ಔಟ್‌ಲುಕ್‌ನ ಸಹಿಗಳು ಸಿಗ್ನೇಚರ್ಸ್ ಫೋಲ್ಡರಿನಲ್ಲೂ ಇರುತ್ತವೆ. ಮೂರೂ ಸೇರಿದರೂ ಸಾಮಾನ್ಯವಾಗಿ ಗಾತ್ರ ಅತ್ಯಲ್ಪ. ದೂರವಾಣಿ ಸಂಖ್ಯೆಗಳನ್ನು ಪರದೆಯ ಮೇಲಿನ ಸ್ಟಿಕಿ ನೋಟ್ಸ್‌ನಲ್ಲಿ ಬರೆದಿಟ್ಟುಕೊಳ್ಳುವವರು ಬಹಳ. ಅವು ಲೋಕಲ್ ವಿಭಾಗದ ಪ್ಯಾಕೇಜಸ್ ಫೋಲ್ಡರಿನಲ್ಲಿರುತ್ತವೆ.

ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ಬ್ಯಾಕಪ್‌ನಿಂದ ವಾಪಸು ಬರುತ್ತವೆಯೇ?

ಕ್ರೋಮ್ ಮತ್ತು ಎಡ್ಜ್‌ನಲ್ಲಿ ಗುರುತಿಟ್ಟ ಪುಟಗಳು ಬರುತ್ತವೆ, ಪಾಸ್‌ವರ್ಡ್‌ಗಳು ಬರುವುದಿಲ್ಲ. ಅವು ವಿಂಡೋಸ್ ಖಾತೆಗೆ ಕಟ್ಟಿಹಾಕಿದ ಗೂಢಲಿಪಿಯಲ್ಲಿರುವುದರಿಂದ ಬೇರೆ ಕಂಪ್ಯೂಟರಿನ ಬೇರೆ ಖಾತೆಯಲ್ಲಿ ತೆರೆದುಕೊಳ್ಳುವುದಿಲ್ಲ. ನಿರ್ವಾಹಕರು ಸ್ಥಳೀಯ ಖಾತೆಯ ಪಾಸ್‌ವರ್ಡನ್ನು ಬಲವಂತವಾಗಿ ಬದಲಿಸಿದಾಗಲೂ ಅವು ಕೈತಪ್ಪಬಹುದು. ಫೈರ್‌ಫಾಕ್ಸ್ ಕೀಲಿಯನ್ನೂ ತನ್ನ ಪ್ರೊಫೈಲ್ ಫೋಲ್ಡರಿನಲ್ಲೇ ಇಟ್ಟುಕೊಳ್ಳುತ್ತದೆ. ಆ ಫೋಲ್ಡರ್ ಕಾಪಿಯಾದರೆ ಪಾಸ್‌ವರ್ಡ್‌ಗಳೂ ಬರುತ್ತವೆ. ಇದು ಅನುಕೂಲವೂ ಹೌದು, ಅಪಾಯವೂ ಹೌದು: ಇವೆಲ್ಲಕ್ಕೂ ಬೀಗವಾಗುವ ಪ್ರಾಥಮಿಕ ಪಾಸ್‌ವರ್ಡ್ ಇಡದಿದ್ದರೆ ಆ ಫೋಲ್ಡರಿನ ಪ್ರತಿ ಕೈಗೆ ಸಿಕ್ಕವರೆಲ್ಲರೂ ಅವನ್ನು ಓದಬಹುದು. ಬ್ಯಾಂಕಿನ ಮತ್ತು ಸರ್ಕಾರಿ ಜಾಲತಾಣಗಳ ಪಾಸ್‌ವರ್ಡ್‌ಗಳನ್ನು ಬ್ರೌಸರಿನಲ್ಲಿ ಉಳಿಸುವ ಅಭ್ಯಾಸವನ್ನು ಬಿಟ್ಟು ಪಾಸ್‌ವರ್ಡ್ ನಿರ್ವಾಹಕ ಸಾಫ್ಟ್‌ವೇರ್ ಬಳಸುವಂತೆ ನಾನು ಎಲ್ಲ ಕಚೇರಿಗಳಿಗೂ ಒತ್ತಾಯಿಸುತ್ತೇನೆ.

ಹದಿನೈದು ಇಪ್ಪತ್ತು ಕಂಪ್ಯೂಟರ್‌ಗಳಿಗೆ ಯಾವ ವಿಧಾನ ಸೂಕ್ತ?

ಎರಡು ಬೇರೆ ಬೇರೆ ಸಂದರ್ಭಗಳನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. ಒಂದು, ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಒಮ್ಮೆ ಸಾಗಿಸುವುದು. ಇನ್ನೊಂದು, ನಿಯಮಿತವಾದ ಬ್ಯಾಕಪ್.

ಮೊದಲನೆಯದು ಈಗ ಬಹಳ ಕಚೇರಿಗಳ ಮುಂದಿದೆ, ಏಕೆಂದರೆ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಕೊನೆಗೊಳಿಸಿದೆ. ಇದಕ್ಕೆ ಮೈಕ್ರೋಸಾಫ್ಟ್‌ನದೇ ಉಚಿತ ಸಾಧನವಾದ ಯೂಸರ್ ಸ್ಟೇಟ್ ಮೈಗ್ರೇಶನ್ ಟೂಲ್ ಅತ್ಯುತ್ತಮ. ಹಳೆಯ ಕಂಪ್ಯೂಟರಿನಲ್ಲಿ ಸ್ಕ್ಯಾನ್‌ಸ್ಟೇಟ್ ಓಡಿಸಿದರೆ ಆಯ್ದ ಬಳಕೆದಾರರ ಕಡತ ಮತ್ತು ಸೆಟ್ಟಿಂಗ್‌ಗಳು ಒಂದು ಸಂಗ್ರಹವಾಗಿ ಸರ್ವರಿಗೆ ಬರುತ್ತವೆ. ಹೊಸದರಲ್ಲಿ ಲೋಡ್‌ಸ್ಟೇಟ್ ಓಡಿಸಿದರೆ ಅವು ಹೊಸ ಖಾತೆಗೆ ಹೊಂದಿಕೊಂಡು ಸೇರುತ್ತವೆ. ಭದ್ರತಾ ಗುರುತಿನ ತೊಡಕನ್ನು ಅದೇ ಬಿಡಿಸುತ್ತದೆ. ಆದರೆ ಅದು ಸಾಫ್ಟ್‌ವೇರ್‌ಗಳನ್ನು ಸಾಗಿಸುವುದಿಲ್ಲ, ಅವನ್ನು ಮೊದಲೇ ಹೊಸ ಕಂಪ್ಯೂಟರಿಗೆ ಹಾಕಿರಬೇಕು. ಪಾಸ್‌ವರ್ಡ್‌ಗಳನ್ನೂ, ಯುಎಸ್‌ಬಿ ತಂತಿಯಿಂದ ಜೋಡಿಸಿದ ಸ್ಥಳೀಯ ಪ್ರಿಂಟರ್‌ಗಳನ್ನೂ ಅದು ತರುವುದಿಲ್ಲ. ಅದಕ್ಕೆ ಪರಿಚಯವಿಲ್ಲದ ಸಾಫ್ಟ್‌ವೇರಿನ ಸೆಟ್ಟಿಂಗ್ ಬೇಕಿದ್ದರೆ ಯಾವ ಫೋಲ್ಡರ್, ಯಾವ ರಿಜಿಸ್ಟ್ರಿ ಭಾಗ ಎಂಬುದನ್ನು ಎಕ್ಸ್‌ಎಂಎಲ್ ಕಡತದಲ್ಲಿ ಬರೆದು ತಿಳಿಸಬೇಕು. ಒಬ್ಬರು ಒಂದು ದಿನ ಕುಳಿತು ಆ ಕಡತ ಸಿದ್ಧಪಡಿಸಿದರೆ ಇಪ್ಪತ್ತು ಕಂಪ್ಯೂಟರ್‌ಗಳಿಗೂ ಅದೇ ಸಾಕು.

ನಿಯಮಿತ ಬ್ಯಾಕಪ್‌ಗೆ ನಾನು ಸೂಚಿಸುವುದು ರೋಬೋಕಾಪಿ. ಕಂಪ್ಯೂಟರ್ ಆನ್ ಆದ ಕೂಡಲೇ, ಯಾರೂ ಲಾಗಿನ್ ಆಗುವ ಮೊದಲು, ಸಿಸ್ಟಮ್ ಖಾತೆಯಲ್ಲಿ ಓಡುವಂತೆ ಟಾಸ್ಕ್ ಶೆಡ್ಯೂಲರ್‌ನಲ್ಲಿ ಒಂದು ಕಾರ್ಯ ಹಾಕಿ. ಆ ಹೊತ್ತಿಗೆ ಎನ್‌ಟಿಯೂಸರ್ ಕಡತ ಬಿಡುವಾಗಿರುತ್ತದೆ. ಅದನ್ನೇ ಮೊದಲು, ಉಳಿದದ್ದನ್ನು ಆಮೇಲೆ, ಡಿ ಡ್ರೈವಿನ ಒಂದು ಫೋಲ್ಡರಿಗೆ ಕಾಪಿ ಮಾಡಲಿ. ಬ್ರೌಸರಿನ ಕ್ಯಾಶ್, ಟೆಂಪ್ ಫೋಲ್ಡರ್, ಔಟ್‌ಲುಕ್‌ನ ಒಎಸ್‌ಟಿ ಕಡತಗಳನ್ನು (ಮೇಲ್ ಸರ್ವರಿನಲ್ಲಿರುವುದರ ಸ್ಥಳೀಯ ಪ್ರತಿ) ಬಿಡಬಹುದು. ಡಿ ಡ್ರೈವ್ ಬಹುತೇಕ ಅದೇ ಹಾರ್ಡ್ ಡಿಸ್ಕಿನ ಇನ್ನೊಂದು ಭಾಗವಾದ್ದರಿಂದ ಅಲ್ಲಿಗೆ ಬಂದದ್ದು ಬ್ಯಾಕಪ್ ಅಲ್ಲ. ಸರ್ವರ್ ಅದನ್ನು ಊಟದ ಬಿಡುವಿನಲ್ಲಿ ತನ್ನತ್ತ ಎಳೆದುಕೊಂಡ ಮೇಲೆ ಅದು ಬ್ಯಾಕಪ್ ಆಗುತ್ತದೆ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆಯ್ಕೆಯನ್ನು ತೆಗೆದುಹಾಕಿ, ಏಕೆಂದರೆ ಅದಿದ್ದರೆ ಶಟ್‌ಡೌನ್ ಮಾಡಿ ಮತ್ತೆ ಹಾಕಿದಾಗ ಪೂರ್ಣ ಪ್ರಾರಂಭವಾಗದೆ ಈ ಕಾರ್ಯ ತಪ್ಪಿಹೋಗಬಹುದು.

ರೋಬೋಕಾಪಿಯ ಮಿರ್ ಆಯ್ಕೆಯ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಅದು ಮೂಲದಲ್ಲಿ ಇಲ್ಲದ್ದನ್ನು ಪ್ರತಿಯಲ್ಲಿಯೂ ಅಳಿಸಿಹಾಕುತ್ತದೆ. ಮೂಲ ಖಾಲಿಯಾದ ದಿನ ಪ್ರತಿಯೂ ಖಾಲಿಯಾಗುತ್ತದೆ.

ರೋಮಿಂಗ್ ಪ್ರೊಫೈಲ್ ಮಾಡಿದರೆ ಎಲ್ಲವೂ ತಾನಾಗಿಯೇ ಸರ್ವರಿನಲ್ಲಿ ಉಳಿಯುತ್ತದೆ ಎನ್ನುತ್ತಾರೆ. ನಿಜವೇ?

ರೋಮಿಂಗ್ ಪ್ರೊಫೈಲ್ ಎಂದರೆ ಪ್ರೊಫೈಲ್ ಸರ್ವರಿನಲ್ಲಿದ್ದು, ಯಾವ ಕಂಪ್ಯೂಟರಿನಲ್ಲಿ ಲಾಗಿನ್ ಆದರೂ ಅಲ್ಲಿಗೆ ಬರುವ ವ್ಯವಸ್ಥೆ. ಎಲ್ಲ ಖಾತೆಗಳನ್ನೂ ಒಂದೇ ಕಡೆಯಿಂದ ನಿಯಂತ್ರಿಸುವ ಡೊಮೇನ್ ಸರ್ವರ್ ಇರುವ ದೊಡ್ಡ ಸಂಸ್ಥೆಗೆ ಅದು ಪರಿಶೀಲಿಸತಕ್ಕ ದಾರಿ. ಆದರೆ ಲೋಕಲ್ ವಿಭಾಗ ಅದರಲ್ಲಿ ಸಾಗುವುದಿಲ್ಲ, ಅಂದರೆ ಮೇಲೆ ಹೇಳಿದ ಫಾಂಟ್, ಕ್ರೋಮ್, ಸ್ಟಿಕಿ ನೋಟ್ಸ್ ಮೂರೂ ಹೊರಗುಳಿಯುತ್ತವೆ. ವಿಂಡೋಸ್ 7 ಮತ್ತು 10ಕ್ಕೆ ಬೇರೆ ಬೇರೆ ಪ್ರತಿಗಳಾಗುತ್ತವೆ. ಡೆಸ್ಕ್‌ಟಾಪಿನಲ್ಲಿ ದೊಡ್ಡ ಕಡತಗಳಿದ್ದರೆ ಬೆಳಿಗ್ಗೆ ಲಾಗಿನ್ ನಿಧಾನವಾಗುತ್ತದೆ. ಸಣ್ಣ ಕಚೇರಿಗೆ ನನ್ನ ಸಲಹೆ, ಬೇಡ.

ಎಲ್ಲ ಕಂಪ್ಯೂಟರ್‌ಗಳಲ್ಲೂ ಬಳಕೆದಾರರ ಹೆಸರು ಆಫೀಸ್ ಎಂದೇ ಇದೆ. ತೊಂದರೆಯಾಗುವುದೇ?

ಖಂಡಿತ ಆಗುತ್ತದೆ. ಎಲ್ಲವೂ ಸರ್ವರಿನ ಒಂದೇ ಫೋಲ್ಡರಿಗೆ ಬಂದು ಒಂದರ ಮೇಲೊಂದು ಬೀಳುತ್ತವೆ. ಪ್ರತಿ ಕಂಪ್ಯೂಟರಿಗೂ ಅದು ಇರುವ ಮೇಜಿನ ಹೆಸರು ಕೊಡಿ, ಉದಾಹರಣೆಗೆ ಸಾಲ ವಿಭಾಗ 1, ಗೊಬ್ಬರ ದಾಸ್ತಾನು, ಚೆಕ್‌ರೋಲ್. ಅದೇ ಹೆಸರನ್ನು ಪೆಟ್ಟಿಗೆಯ ಮೇಲೂ ಅಂಟಿಸಿ. ಬ್ಯಾಕಪ್ ಫೋಲ್ಡರಿನ ಹೆಸರಿನಲ್ಲಿ ಕಂಪ್ಯೂಟರಿನ ಹೆಸರು, ಬಳಕೆದಾರರ ಹೆಸರು, ದಿನಾಂಕ ಮೂರೂ ಇರಲಿ. ಮೈಕ್ರೋಸಾಫ್ಟ್ ಖಾತೆಯಿಂದ ಪ್ರಾರಂಭಿಸಿದ ಕಂಪ್ಯೂಟರ್‌ಗಳಲ್ಲಿ ಫೋಲ್ಡರಿನ ಹೆಸರು ಇಮೇಲ್ ವಿಳಾಸದ ಮೊದಲ ಐದು ಅಕ್ಷರಗಳಾಗಿರುತ್ತದೆ. ಆಗ ಯಾವ ಫೋಲ್ಡರ್ ಯಾರದೆಂದು ಒಂದು ಪಟ್ಟಿ ಬರೆದಿಟ್ಟುಕೊಳ್ಳಿ.

ಟ್ಯಾಲಿಯ ಲೆಕ್ಕಪತ್ರ ಇದರಲ್ಲಿ ಬರುತ್ತದೆಯೇ? ಡಿಜಿಟಲ್ ಸಹಿ?

ಎರಡೂ ಬರುವುದಿಲ್ಲ ಎಂದೇ ತಿಳಿದು ನಡೆಯಿರಿ. ಟ್ಯಾಲಿಯ ದತ್ತಾಂಶ ಯಾವ ಫೋಲ್ಡರಿನಲ್ಲಿದೆ ಎಂಬುದನ್ನು ಟ್ಯಾಲಿಯೊಳಗೇ ನೋಡಿಕೊಂಡು ಅದಕ್ಕೆ ಪ್ರತ್ಯೇಕ ಬ್ಯಾಕಪ್ ಮಾಡಬೇಕು. ಡಿಜಿಟಲ್ ಸಹಿ ಯುಎಸ್‌ಬಿ ಟೋಕನ್‌ನಲ್ಲಿಯೇ ಇರುತ್ತದೆ ಮತ್ತು ಅದನ್ನು ನಕಲು ಮಾಡಲಾಗದಂತೆಯೇ ರೂಪಿಸಲಾಗಿದೆ. ಅದರ ಚಾಲಕ ಸಾಫ್ಟ್‌ವೇರಿನ ಸೆಟಪ್ ಕಡತವನ್ನು ಮಾತ್ರ ಫಾಂಟ್‌ಗಳ ಪಕ್ಕದಲ್ಲಿಡಿ.

ಒನ್‌ಡ್ರೈವ್‌ನಂತಹ ಕ್ಲೌಡ್ ಸೇವೆಗೇ ಎಲ್ಲವನ್ನೂ ಹಾಕಿಬಿಡಬಹುದಲ್ಲವೇ?

ಒನ್‌ಡ್ರೈವ್‌ನ ಫೋಲ್ಡರ್ ಬ್ಯಾಕಪ್ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂತಹ ಕಣ್ಣಿಗೆ ಕಾಣುವ ಫೋಲ್ಡರ್‌ಗಳಿಗೆ ಸಂಬಂಧಿಸಿದ್ದು. ಆ್ಯಪ್‌ಡೇಟಾವನ್ನು ಅದು ಮುಟ್ಟುವುದಿಲ್ಲ. ಉಚಿತವಾಗಿ ಸಿಗುವ ಜಾಗ 5 ಜಿಬಿ ಮಾತ್ರ. ಅಲ್ಲದೆ ಅದು ಎರಡು ಕಡೆಯನ್ನು ಒಂದೇ ಆಗಿಸುವ ವ್ಯವಸ್ಥೆಯಾದ್ದರಿಂದ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಅಳಿಸಿದ ಕಡತ ವೈಯಕ್ತಿಕ ಖಾತೆಯಲ್ಲಿ 30 ದಿನ, ಕಚೇರಿ ಖಾತೆಯಲ್ಲಿ 93 ದಿನ ಕಸದಬುಟ್ಟಿಯಲ್ಲಿರುತ್ತದೆ.

ನಮ್ಮ ಜಿಲ್ಲೆಯ ಮಟ್ಟಿಗೆ ವೇಗದ ಪ್ರಶ್ನೆಯೂ ಇದೆ. ಸೆಕೆಂಡಿಗೆ 5 ಮೆಗಾಬಿಟ್ ಅಪ್‌ಲೋಡ್ ಸಿಗುವ ಕಡೆ 10 ಜಿಬಿ ಕಳಿಸಲು ಸುಮಾರು ನಾಲ್ಕೂವರೆ ತಾಸು ಬೇಕು; ಹತ್ತು ಕಂಪ್ಯೂಟರ್‌ಗಳಿಗೆ ನಲವತ್ತೈದು ತಾಸು, ಅದೂ ನಡುವೆ ಕರೆಂಟ್ ಹೋಗದಿದ್ದರೆ. ಆದ್ದರಿಂದ ಪೂರ್ಣ ಪ್ರತಿ ಕಚೇರಿಯ ಸರ್ವರಿನಲ್ಲಿರಲಿ. ಫಾಂಟ್, ಟೆಂಪ್ಲೇಟ್, ಸಹಿ, ಗುರುತಿಟ್ಟ ಪುಟ, ರಿಜಿಸ್ಟ್ರಿ ರಫ್ತು ಮುಂತಾದ ಸಣ್ಣ ಆದರೆ ಅಮೂಲ್ಯ ಕಡತಗಳು ಮಾತ್ರ ಕ್ಲೌಡ್‌ಗೆ ಹೋಗಲಿ.

ಬ್ಯಾಕಪ್ ಡಿಸ್ಕನ್ನು ಎಲ್ಲಿಡಬೇಕು?

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಕಟ್ಟಡದ ಹೊರಗೆ ಎಂಬ ಪ್ರಸಿದ್ಧ ನಿಯಮ ಎಲ್ಲ ಊರಿಗೂ ಅನ್ವಯಿಸುತ್ತದೆ. ಕೊಡಗಿನಲ್ಲಿ ಹೊರಗೆ ಎಂದರೆ ಎಲ್ಲಿ ಎಂಬುದನ್ನು ಸ್ವಲ್ಪ ಯೋಚಿಸಿ ನಿರ್ಧರಿಸಬೇಕು. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡ ಕುಸಿದಾಗ ಸಂಪಾಜೆ ಕಡೆಯ ರಸ್ತೆ ಬಂದ್ ಆಗಿತ್ತು. ಅದೇ ಮಳೆಗೆ ಕುಶಾಲನಗರದಲ್ಲಿ ಕಾವೇರಿ ಉಕ್ಕಿ ಬಡಾವಣೆಗಳಿಗೆ ನೀರು ನುಗ್ಗಿತ್ತು. ಕಚೇರಿಯ ಎದುರಿನ ಮನೆ ಇಂತಹ ದಿನದಲ್ಲಿ ಹೊರಗಿನ ಜಾಗವಾಗುವುದಿಲ್ಲ. ಬೆಟ್ಟದ ಬದಿಯ ಕಚೇರಿ ತನ್ನ ಪ್ರತಿಯನ್ನು ಬಯಲಿನ ಕಡೆಯ ಶಾಖೆಯಲ್ಲೂ, ಹೊಳೆಯ ಹತ್ತಿರದ ಕಚೇರಿ ತನ್ನದನ್ನು ಎತ್ತರದ ಊರಿನಲ್ಲೂ ಇಡುವ ಪರಸ್ಪರ ಏರ್ಪಾಡು ಎರಡು ಸಹಕಾರ ಸಂಘಗಳ ನಡುವೆ ಸುಲಭವಾಗಿ ಆಗಬಹುದು. ಸರ್ವರನ್ನು ನೆಲಮಹಡಿಯ ನೆಲದ ಮೇಲೆ ಇಡಬೇಡಿ.

ಬ್ಯಾಕಪ್ ಮುಗಿದ ಮೇಲೆ ಹೊರಗಿನ ಡಿಸ್ಕಿನ ತಂತಿಯನ್ನು ಕಳಚಿಡಿ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಮತ್ತು ಜೋಡಣೆಯಲ್ಲಿರುವ ಡಿಸ್ಕುಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ ಹಣ ಕೇಳುವ ರ‍್ಯಾನ್ಸಮ್‌ವೇರ್‌ಗೆ, ಎರಡಕ್ಕೂ ಇದೊಂದೇ ಕ್ರಮ ರಕ್ಷಣೆ ಕೊಡುತ್ತದೆ. ಸರ್ವರ್ ತಾನೇ ಎಳೆದುಕೊಳ್ಳಲಿ, ಸಿಬ್ಬಂದಿಯ ಖಾತೆಗಳಿಗೆ ಬ್ಯಾಕಪ್ ಫೋಲ್ಡರಿನಲ್ಲಿ ಬರೆಯುವ ಅನುಮತಿ ಇರದಿರಲಿ ಎಂದು ಹೇಳುವುದಕ್ಕೂ ಇದೇ ಕಾರಣ. ಮಳೆಗಾಲದ ತೇವಕ್ಕೆ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಡಿಸ್ಕನ್ನು ಇಡುವುದು ಒಳ್ಳೆಯದು. ಗೋದ್ರೆಜ್ ಬೀರುವಿನೊಳಗೂ ಬೂಷ್ಟು ಬರುವುದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಎಷ್ಟು ದಿನಕ್ಕೊಮ್ಮೆ ಮಾಡಬೇಕು?

ಸೆಟ್ಟಿಂಗ್‌ಗಳು ದಾಖಲೆಗಳಷ್ಟು ಬೇಗ ಬದಲಾಗುವುದಿಲ್ಲವಾದ್ದರಿಂದ ಸರ್ವರ್ ವಾರಕ್ಕೊಮ್ಮೆ ಎಳೆದುಕೊಂಡರೆ ಸಾಕು. ಹಿಂದಿನ ನಾಲ್ಕು ವಾರಗಳ ಪ್ರತಿಗಳು ಬೇರೆ ಬೇರೆಯಾಗಿ ಇರಲಿ. ಮೇ ಕೊನೆಯಲ್ಲಿ, ಮುಂಗಾರಿಗೆ ಮೊದಲು, ಒಂದು ಪೂರ್ಣ ಪ್ರತಿ ತೆಗೆದು ಹೊರಗಿನ ಜಾಗಕ್ಕೆ ಕಳಿಸಿ. ಮಾರ್ಚ್ ಮೊದಲ ವಾರದಲ್ಲಿ ಇನ್ನೊಂದು.

ಇದರಲ್ಲಿ ಸಿಬ್ಬಂದಿಯ ಖಾಸಗಿ ಸಂಗತಿಗಳೂ ಬರುತ್ತವಲ್ಲ?

ಬರುತ್ತವೆ, ಮತ್ತು ಇದನ್ನು ಹಗುರವಾಗಿ ನೋಡಬಾರದು. ಯಾವ ಫೋಲ್ಡರ್‌ಗಳು ಕಾಪಿಯಾಗುತ್ತವೆ, ಯಾರು ನೋಡಬಹುದು ಎಂಬುದನ್ನು ಎಲ್ಲರಿಗೂ ಬರಹದಲ್ಲಿ ಮೊದಲೇ ತಿಳಿಸಿ. ಬ್ರೌಸರಿನ ಭೇಟಿಗಳ ಇತಿಹಾಸ ಬ್ಯಾಕಪ್‌ಗೆ ಬೇಕಿಲ್ಲ, ಬಿಟ್ಟುಬಿಡಿ. ಸಾಲಗಾರರ ವಿವರಗಳೂ ಪ್ರೊಫೈಲಿನಲ್ಲಿ ಇರಬಹುದಾದ್ದರಿಂದ ಹೊರಗೆ ಹೋಗುವ ಡಿಸ್ಕ್ ಬಿಟ್‌ಲಾಕರ್ ಅಥವಾ ವೆರಾಕ್ರಿಪ್ಟ್‌ನಿಂದ ಬೀಗ ಹಾಕಿದ್ದೇ ಆಗಿರಬೇಕು; ಬಿಟ್‌ಲಾಕರಿನ ಮರುಪಡೆಯುವ ಕೀಲಿಯನ್ನು ಅಥವಾ ವೆರಾಕ್ರಿಪ್ಟ್‌ನ ಪಾಸ್‌ವರ್ಡನ್ನು ಕಾಗದದಲ್ಲಿ ಮುದ್ರಿಸಿ ತಿಜೋರಿಯಲ್ಲಿಡಿ, ಡಿಸ್ಕಿನ ಡಬ್ಬಿಯಲ್ಲಿ ಅಲ್ಲ.

ಬ್ಯಾಕಪ್ ಸರಿಯಾಗಿದೆ ಎಂದು ತಿಳಿಯುವುದು ಹೇಗೆ?

ಮರಳಿ ಹಾಕಿ ನೋಡಿಯೇ ತಿಳಿಯಬೇಕು, ಬೇರೆ ದಾರಿಯಿಲ್ಲ. ಮೂರು ತಿಂಗಳಿಗೊಮ್ಮೆ ಯಾವುದಾದರೂ ಒಬ್ಬರ ಪ್ರೊಫೈಲನ್ನು ಬಳಕೆಯಲ್ಲಿಲ್ಲದ ಕಂಪ್ಯೂಟರಿಗೆ ಹಾಕಿ, ಅದನ್ನು ಬಳಸುವವರನ್ನೇ ಕೂರಿಸಿ ಕೆಲಸ ಮಾಡಿಸಿ. ಹಳೆಯ ನಡಾವಳಿ ಕನ್ನಡದಲ್ಲೇ ತೆರೆಯುತ್ತದೆಯೇ, ನೋಟಿಸಿನ ಟೆಂಪ್ಲೇಟ್ ಬರುತ್ತದೆಯೇ, ಪ್ರಿಂಟ್ ಆಗುತ್ತದೆಯೇ ಎಂಬುದನ್ನು ಅವರೇ ಹೇಳಲಿ. ತಾಂತ್ರಿಕವಾಗಿ ತಿಳಿದವರ ಕಣ್ಣಿಗೆ ಸರಿಯೆನಿಸಿದ್ದರಲ್ಲಿ ಏನು ಕಡಿಮೆಯಾಗಿದೆ ಎಂಬುದು ದಿನವೂ ಆ ಮೇಜಿನಲ್ಲಿ ಕೂರುವ ರೈಟರ್ ಅಥವಾ ಗುಮಾಸ್ತರಿಗೆ ಕ್ಷಣದಲ್ಲಿ ಗೊತ್ತಾಗುತ್ತದೆ.

ತಾತ್ಕಾಲಿಕ ಪ್ರೊಫೈಲಿನಲ್ಲಿ ಲಾಗಿನ್ ಆಗಿದ್ದೀರಿ ಎಂಬ ಸಂದೇಶ ಬಂದು ಡೆಸ್ಕ್‌ಟಾಪ್ ಖಾಲಿಯಾಗಿದೆ. ಏನು ಮಾಡಬೇಕು?

ಮೊದಲು, ಅಲ್ಲಿ ಯಾವ ಕೆಲಸವನ್ನೂ ಮಾಡಬೇಡಿ. ಲಾಗಾಫ್ ಆದೊಡನೆ ಆ ಪ್ರೊಫೈಲಿನಲ್ಲಿ ಮಾಡಿದ್ದೆಲ್ಲ ಅಳಿಯುತ್ತದೆ. ಹಳೆಯ ಕಡತಗಳು ಹೆಚ್ಚಿನ ಸಂದರ್ಭಗಳಲ್ಲಿ ಯೂಸರ್ಸ್ ಫೋಲ್ಡರಿನಲ್ಲಿ ಹಾಗೆಯೇ ಇರುತ್ತವೆ. ಒಮ್ಮೆ ಮರುಪ್ರಾರಂಭಿಸಿ ನೋಡಿ. ಸರಿಹೋಗದಿದ್ದರೆ ನಿರ್ವಾಹಕರ ಖಾತೆಯಿಂದ ರಿಜಿಸ್ಟ್ರಿಯ ಪ್ರೊಫೈಲ್‌ಲಿಸ್ಟ್ ಭಾಗವನ್ನು ಪರಿಶೀಲಿಸಬೇಕು. ಆ ಖಾತೆಯ ಗುರುತು ಬಿಎಕೆ ಎಂಬ ಬಾಲದೊಂದಿಗೆ ಕಂಡರೆ ಅದೇ ತೊಂದರೆಯ ಮೂಲ. ಅದನ್ನು ತಿದ್ದುವ ಮೊದಲು ಕಡತಗಳ ಪ್ರತಿ ತೆಗೆದುಕೊಳ್ಳಿ.

ಸಿಬ್ಬಂದಿ ನಿವೃತ್ತರಾದಾಗ ಅಥವಾ ವರ್ಗವಾದಾಗ ಅವರ ಪ್ರೊಫೈಲನ್ನು ಅಳಿಸುವುದು ಹೇಗೆ?

ಯೂಸರ್ಸ್ ಫೋಲ್ಡರಿಗೆ ಹೋಗಿ ನೇರವಾಗಿ ಡಿಲೀಟ್ ಒತ್ತಬೇಡಿ. ಹಾಗೆ ಮಾಡಿದರೆ ಪ್ರೊಫೈಲ್‌ಲಿಸ್ಟ್‌ನಲ್ಲಿ ನಮೂದು ಉಳಿದು, ಅದೇ ಖಾತೆಯನ್ನು ಮತ್ತೆ ಬಳಸಿದಾಗ ಮೇಲಿನ ತಾತ್ಕಾಲಿಕ ಪ್ರೊಫೈಲಿನ ತೊಂದರೆ ಬರುತ್ತದೆ. ಸಿಸ್ಟಮ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಪುಟದಲ್ಲಿರುವ ಯೂಸರ್ ಪ್ರೊಫೈಲ್ಸ್ ಮೂಲಕ ಅಳಿಸಿ. ಅದಕ್ಕೂ ಮೊದಲು ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಕಚೇರಿಗೆ ಸೇರಿದ ಟೆಂಪ್ಲೇಟ್, ವಿಳಾಸಪಟ್ಟಿ, ಗುರುತಿಟ್ಟ ಪುಟಗಳನ್ನು ಅವರ ಸ್ಥಾನಕ್ಕೆ ಬರುವವರಿಗೆ ವರ್ಗಾಯಿಸಿ, ಅವರ ಸ್ವಂತದ್ದನ್ನು ಅವರಿಗೆ ಒಪ್ಪಿಸಿ. ಹಿಂದಿನ ನಾಲ್ಕು ವಾರಗಳ ಪ್ರತಿಗಳಲ್ಲೂ ಅವರ ಫೋಲ್ಡರ್ ಇರುತ್ತದೆ; ಲೆಕ್ಕಪರಿಶೋಧನೆ ಮುಗಿಯುವವರೆಗೆ ಅದರಲ್ಲಿ ಕೊನೆಯ ಒಂದನ್ನು ಮಾತ್ರ ಇಟ್ಟುಕೊಂಡು ಉಳಿದವನ್ನು ತೆಗೆದುಹಾಕಿ.